ಮೌಶಿಯ ಮೆಂತ್ಯದ ಕುಂಡದಲ್ಲಿ ಒಂದು ಚಮಚ

ನಮ್ಮ ಮನೆಯಲ್ಲಿ ನಾಯಿಯಿಲ್ಲ, ಬೆಕ್ಕಿಲ್ಲ. ಆದರೂ ವೀಕೆಂಡ್‌ಗೆ ಎಲ್ಲಿಗಾದರೂ ಹೊರಡಬೇಕೆಂದರೆ "ಅವಕ್ಕೆ ಊಟ ಹಾಕೋರು ಯಾರು?" ಅನ್ನುವ ಪ್ರಶ್ನೆ ಮೊದಲು ಏಳುತ್ತದೆ. ನನ್ನ ಹೆಂಡತಿ ಬ್ಯಾಕ್ಟೀರಿಯಾ ಸಾಕುತ್ತಾಳೆ. ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಅವಳದೊಂದು ಸಣ್ಣ ಲ್ಯಾಬ್ ಇದೆ. ಅಲ್ಲಿ ದೊಡ್ಡದೊಂದು ಗಾಜಿನ ಪಾತ್ರೆಯಲ್ಲಿ ಅವು ಕೋಟಿಗಟ್ಟಲೆ ಸುಖವಾಗಿವೆ.

ನಾನು ಸಾಫ್ಟ್‌ವೇರಿನವನು. ಅವಳ ಕೆಲಸ ನನಗೆ ಅರ್ಥವಾಗಿರುವುದು ಇಷ್ಟು. ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುವವರಿದ್ದಾರೆ. ಡೀಸೆಲ್ ತೆಗೆದ ಮೇಲೆ ತಳದಲ್ಲಿ ಕಂದು ಬಣ್ಣದ, ಅಂಟಂಟಾದ ಗ್ಲಿಸರಿನ್ ಉಳಿಯುತ್ತದೆ. ಸೋಪು, ಉಪ್ಪು, ಇನ್ನೂ ಏನೇನೋ ಸೇರಿಕೊಂಡಿರುವ ಅದು ಯಾರಿಗೂ ಬೇಡ. ಇವಳ ಬ್ಯಾಕ್ಟೀರಿಯಾಗಳಿಗೆ ಮಾತ್ರ ಅದೇ ಮೃಷ್ಟಾನ್ನ. ತಿನ್ನಲು ಧಾರಾಳವಾಗಿ ಕೊಟ್ಟು, ಬೆಳೆಯಲು ಬೇಕಾದ ಸಾರಜನಕವನ್ನು ಕಡಿಮೆ ಮಾಡಿದರೆ ಅವು ತಿಂದದ್ದನ್ನು ಮೈಯೊಳಗೇ ಕೊಬ್ಬಿನ ಹಾಗೆ ಕೂಡಿಡುತ್ತವೆ. ಆ ಕೂಡಿಟ್ಟದ್ದೇ ಪ್ಲಾಸ್ಟಿಕ್, ಮಣ್ಣಿಗೆ ಹಾಕಿದರೆ ಮಣ್ಣಾಗುವ ಪ್ಲಾಸ್ಟಿಕ್.

"ವರ್ಕ್ ಫ್ರಮ್ ಹೋಮ್ ಶುರುವಾದ ಮೇಲೆ ನನಗಾಯ್ತಲ್ಲ, ಹಾಗೆ," ಅಂದೆ ಹೊಟ್ಟೆ ಸವರಿಕೊಂಡು.

"ಹೌದ್ರಿ. ಆದ್ರ ಅವುಂದು ಉಪಯೋಗಕ್ಕ ಬರ್ತದ," ಅಂದಳು. ಅವಳು ಧಾರವಾಡದವಳು, ನಾನು ಮೈಸೂರಿನವನು. ಮಾತಿನಲ್ಲಿ ನಾನು ಗೆದ್ದದ್ದು ಕಡಿಮೆ.

ಒಂದು ಸಂಕ್ರಾಂತಿಗೆ ನ್ಯೂಯಾರ್ಕಿನ ಕ್ವೀನ್ಸ್‌ನ ಬೆಲ್‌ರೋಸ್‌ನಲ್ಲಿರುವ ಅವಳ ಮೌಶಿ, ಅಂದರೆ ತಾಯಿಯ ತಂಗಿ, ನಮ್ಮನ್ನು ಊಟಕ್ಕೆ ಕರೆದಿದ್ದರು. ರೇಷ್ಮೆ ಸೀರೆಯುಟ್ಟು ಕಾರು ಹತ್ತಿದ ಹೆಂಡತಿ, "ದಾರ್ಯಾಗ ಐದ್ ನಿಮಿಷ ಲ್ಯಾಬಿಗೆ ಹೋಗಿ ಬರೂಣು," ಅಂದಳು. ಹಿಂದಿನ ಸೀಟಿನಿಂದ ಮಗಳು "ಓ ನೋ" ಅಂದಳು.

ಹೋಗಿ ನೋಡಿದರೆ ಪಾತ್ರೆ ಉಕ್ಕುತ್ತಿತ್ತು. ಆ ಸಲ ಬಂದ ಗ್ಲಿಸರಿನ್‌ನಲ್ಲಿ ಸೋಪು ಜಾಸ್ತಿಯಿತ್ತಂತೆ. ಬ್ಯಾಕ್ಟೀರಿಯಾಗಳಿಗೆ ಉಸಿರಾಡಲು ಪೈಪಿನಲ್ಲಿ ಗಾಳಿ ಬಿಡುತ್ತಲೇ ಇರಬೇಕು. ಸೋಪಿಗೆ ಗಾಳಿ ಸೇರಿದರೆ ಇನ್ನೇನಾಗುತ್ತದೆ? ನೊರೆ ಮುಚ್ಚಳ ದಾಟಿ, ಮೇಜು ದಾಟಿ, ನೆಲದ ಮೇಲೆ ನಿಧಾನವಾಗಿ ಬಾಗಿಲ ಕಡೆಗೆ ಬರುತ್ತಿತ್ತು. ಅವಳು ಸೀರೆಯ ಮೇಲೆಯೇ ಬಿಳಿ ಕೋಟು ಏರಿಸಿಕೊಂಡು, ನನ್ನ ಕಡೆಗೆ ಒಂದು ಜೊತೆ ಗ್ಲೌಸ್ ಎಸೆದಳು.

"ಹಾಲು ಉಕ್ಕಿದರೆ ಶುಭ ಅಂತಾರಲ್ಲ," ಅಂದೆ.

"ನೀವು ಮೊದ್ಲ ಆ ಬಕೀಟು ತರ್ರಿ!"

ಹೊಸ ಜುಬ್ಬಾದಲ್ಲಿ ನಾನು ನೆಲ ಒರೆಸಿದೆ. ಬಾಗಿಲ ಗಾಜಿನಾಚೆ ನಿಂತಿದ್ದ ಮಗಳು ಫೋನಿನಲ್ಲಿ ವಿಡಿಯೋ ಮಾಡುತ್ತ, "ಬೆಸ್ಟ್ ಸಂಕ್ರಾಂತಿ ಎವರ್!" ಎಂದು ಕೂಗಿದಳು.

ಬೆಲ್‌ರೋಸ್ ಮುಟ್ಟುವ ಹೊತ್ತಿಗೆ ಊಟದ ಸಮಯ ಮೀರಿತ್ತು. ಬಾಗಿಲು ತೆರೆದ ಮೌಶಿ ಮೂಗರಳಿಸಿದರು. "ಏನ್ ಕರದು ತಂದೀರಿ? ಮಿರ್ಚಿ ಭಜಿ ವಾಸನಿ ಬರ್ಲಿಕತ್ತದ!" ಒಳಗಿದ್ದ ನೆಂಟರೆಲ್ಲ ಆಸೆಯಿಂದ ನಮ್ಮ ಕೈ ನೋಡಿದರು. ಕೈಯಲ್ಲಿ ಎಳ್ಳುಬೆಲ್ಲದ ಪೊಟ್ಟಣ ಬಿಟ್ಟರೆ ಏನೂ ಇರಲಿಲ್ಲ. ವಾಸನೆ ಬರುತ್ತಿದ್ದದ್ದು ನನ್ನ ಜುಬ್ಬಾದಿಂದ.

ಹೆಂಡತಿ ಎಲ್ಲ ವಿವರಿಸಿದಳು. ಮೌಶಿ ಕ್ವೀನ್ಸ್‌ನಲ್ಲಿ ಡಾಕ್ಟರಾಗಿದ್ದು ರಿಟೈರ್ ಆದವರು. ಪೂರ್ತಿ ಕೇಳಿ, "ನಾ ಜನ್ಮಾ ಪೂರಾ ಬ್ಯಾಕ್ಟೀರಿಯಾ ಕೊಂದೆ. ನೀ ಅವಕ್ಕ ಉಣಸ್ಲಿಕತ್ತೀ," ಅಂದರು. ಎಲ್ಲರೂ ನಕ್ಕರು. "ಬರೇ ಮಾತು ಬ್ಯಾಡವಾ. ಒಂದ್ ಚಮಚಾ ಮಾಡ್ಕೊಂಡ್ ಬಾ. ಆಮ್ಯಾಲ ನಂಬ್ತೀನಿ."

ಆವತ್ತಿನಿಂದ ಮನೆಯಲ್ಲಿ ಚಮಚದ್ದೇ ಧ್ಯಾನ. ಬ್ಯಾಕ್ಟೀರಿಯಾಗಳಿಂದ ಹೊರತೆಗೆದ ಪ್ಲಾಸ್ಟಿಕ್ ಮೈದಾಹಿಟ್ಟಿನಂಥ ಬಿಳಿ ಪುಡಿ. ಅದನ್ನು ಕರಗಿಸಿ ಅಚ್ಚಿಗೆ ಒತ್ತಬೇಕು. ಮೊದಲ ಚಮಚಗಳು ಅಚ್ಚಿಗೇ ಕಚ್ಚಿಕೊಂಡವು, ಕೆಲವು ಇಲಿ ಕಡಿದ ಹಾಗೆ ಹೊರಬಂದವು. ಚಳಿ ಕಡಿಮೆಯಾಗುವ ಹೊತ್ತಿಗೆ ದಂತದ ಬಣ್ಣದ ಒಂದು ಚಮಚ ಸರಿಯಾಗಿ ಮೂಡಿತು. ಅದನ್ನು ಟಿಶ್ಯೂನಲ್ಲಿ ಸುತ್ತಿ, ಬಾಣಂತಿ ಕೂಸು ಹಿಡಿದ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಕಾರಿನಲ್ಲಿ ಕೂತಳು. ವೆರಜಾನೋ ಸೇತುವೆ ದಾಟಿ ಬೆಲ್ಟ್ ಪಾರ್ಕ್‌ವೇ ಹೆದ್ದಾರಿ ಮುಗಿಯುವವರೆಗೆ "ತಗ್ಗು ನೋಡ್ಕೋಂತ ಹೊಡೀರಿ" ಅನ್ನುತ್ತಲೇ ಇದ್ದಳು.

ಮೌಶಿ ಚಮಚವನ್ನು ಬೆಳಕಿಗೆ ಹಿಡಿದು ನೋಡಿದರು. ಮೂಸಿದರು. ಭಜಿಯ ವಾಸನೆ ಇರಲಿಲ್ಲ.

"ಬಾಯಾಗ ಇಡಬ್ಯಾಡ ಮೌಶಿ. ಬರೇ ಕಲಸಿ ನೋಡು," ಅಂದಳು ಹೆಂಡತಿ.

ಕುದಿಯುವ ಸಾರಿನಲ್ಲಿ ತಿರುಗಿಸಿದರು. ಏನೂ ಆಗಲಿಲ್ಲ. ಹೆಂಡತಿ ನನ್ನ ಕಡೆ ಹೆಮ್ಮೆಯಿಂದ ನೋಡಿದಳು. ಮೌಶಿ ಫ್ರೀಜರಿನಿಂದ ಶ್ರೀಖಂಡದ ಡಬ್ಬಿ ತೆಗೆದರು. ಅದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಚಮಚ ಊರಿ ಎತ್ತಿದರು.

ಟಕ್.

ಹಿಡಿ ಮೌಶಿಯ ಕೈಯಲ್ಲಿ, ತಲೆ ಶ್ರೀಖಂಡದಲ್ಲಿ. ಮೌಶಿ ಮುರಿದ ಅಂಚನ್ನು ಬೆರಳಿನಿಂದ ಸವರಿ, "ಕ್ಲೀನ್ ಫ್ರ್ಯಾಕ್ಚರ್," ಅಂದರು. "ಆದ್ರ ಇದು ಕೂಡೂದಿಲ್ಲವಾ."

ಹೆಂಡತಿಯ ಮುಖ ಸಣ್ಣದಾಯಿತು. ನನಗೆ ನಗು ಬಂದಿತ್ತು, ನುಂಗಿಕೊಂಡೆ. ಮೌಶಿಗೂ ಪಾಪ ಅನ್ನಿಸಿರಬೇಕು. "ಮಣ್ಣಾಗ ಕರಗ್ತದ ಅಂದಿದ್ದಿಯಲ್ಲಾ, ಅದಾದ್ರೂ ಖರೇ ಏನು ನೋಡೂಣು," ಎಂದು ಚಮಚದ ಹಿಡಿಯನ್ನು ಒಯ್ದು ಕಿಟಕಿಯ ಬಳಿಯಿದ್ದ ಮೆಂತ್ಯದ ಕುಂಡದಲ್ಲಿ ಹೂತರು.

ಆಮೇಲೆ ಶುರುವಾದವು ಮೌಶಿಯ ಫೋನುಗಳು. "ಪೇಶಂಟ್ ಹಂಗೇ ಇದ್ದಾನ." "ಬಣ್ಣಾ ಸ್ವಲ್ಪ ಮಾಸೇದ." "ಇವತ್ತ ಏನೂ ಚೇಂಜ್ ಇಲ್ಲ." ಹೆಂಡತಿಗೆ ತಡೆಯಲಾಗಲಿಲ್ಲ. "ಮೌಶಿ, ದಿನಾ ಅಗದ್ರ ಮಣ್ಣಾಗಿನ ಬ್ಯಾಕ್ಟೀರಿಯಾ ಅದನ್ನ ಹೆಂಗ ತಿಂತಾವ?"

"ರೌಂಡ್ಸ್ ತಪ್ಪಿಸೋ ಡಾಕ್ಟರ್ ನಾ ಅಲ್ಲ," ಅಂದರು ಮೌಶಿ. ಆ ರೌಂಡ್ಸಿಗೆ ಮೆಂತ್ಯ ಬಲಿಯಾಯಿತು.

ಇತ್ತ ಇವಳು ಸುಮ್ಮನೆ ಕೂರಲಿಲ್ಲ. ಗ್ಲಿಸರಿನ್ ಒಂದನ್ನೇ ತಿನ್ನಿಸಿದರೆ ಪ್ಲಾಸ್ಟಿಕ್ ಹೀಗೆ ಪೆಡಸಾಗುತ್ತದೆ, ಜೊತೆಗೆ ಒಂದು ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟರೆ ಮೆತುವಾಗುತ್ತದೆ ಎಂದು ಮೊದಲೇ ಗೊತ್ತಿತ್ತಂತೆ; ಅವಸರದಲ್ಲಿ ಬಿಟ್ಟಿದ್ದಳು. ಈಗ ಕೊಟ್ಟಳು. ಬೇಸಿಗೆ ಮುಗಿಯುವಾಗ ಹೊಸ ಚಮಚದೊಂದಿಗೆ ಮತ್ತೆ ಬೆಲ್‌ರೋಸ್‌ಗೆ ಹೋದೆವು. ಶ್ರೀಖಂಡದಲ್ಲಿ ಅದು ಬಾಗಿತು, ಮುರಿಯಲಿಲ್ಲ. ಮಗಳು ಚಪ್ಪಾಳೆ ತಟ್ಟಿದಳು.

ಮೌಶಿ ಕುಂಡ ಕೆದಕಿ ಹಳೆಯ ಹಿಡಿಯನ್ನು ತೆಗೆದರು. ಬೆರಳಿನಷ್ಟು ಉದ್ದವಿದ್ದದ್ದು ಉಗುರಿನಷ್ಟಾಗಿತ್ತು. ಅಂಚೆಲ್ಲ ಸವೆದು, ಮೈತುಂಬ ಗುಳಿ ಬಿದ್ದಿತ್ತು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಖರೇನ ತಿಂದಾವಲ್ಲಾ," ಅಂದರು ಮೆಲ್ಲಗೆ. ಇವಳ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ.

ತುಂಡನ್ನು ತೊಳೆಯಲೆಂದು ಮೌಶಿ ನಲ್ಲಿ ತಿರುಗಿಸಿದ್ದೇ ತಡ, ಹೆಂಡತಿ ಕಿರುಚಿದಳು. "ತೊಳೀಬ್ಯಾಡ ಮೌಶಿ! ಆ ಮಣ್ಣು ಬೇಕು ನನಗ. ತಿಂದವ್ರು ಅದರಾಗೇ ಅದಾರ!"

ಕ್ವೀನ್ಸ್‌ನ ಮಣ್ಣು ಜಿಪ್‌ಲಾಕ್ ಚೀಲದಲ್ಲಿ ನಮ್ಮ ಜೊತೆ ನ್ಯೂಜೆರ್ಸಿಗೆ ಹೊರಟಿತು. ಸೇತುವೆಯ ಮೇಲೆ ಟ್ರಾಫಿಕ್ ನಿಂತಾಗ ಅವಳು ಚೀಲವನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ನನಗೆ ಬರೀ ಮಣ್ಣು ಕಾಣುತ್ತಿತ್ತು. ಸೆಕೆಯಾಗಿ ಏಸಿ ಜಾಸ್ತಿ ಮಾಡಿದೆ.

"ಕಡಿಮಿ ಮಾಡ್ರಿ," ಅಂದಳು ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ. "ಅವಕ್ಕ ಥಂಡಿ ಆಗ್ತದ."