ರಾಜಕುಮಾರ ಓದದೆ ಸುಟ್ಟ ಕಾಗದಗಳು

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಸುತ್ತ ನಾಲ್ಕು ಜನ ಕೂತು ನಮ್ಮ ಮಾತಿಗೆ ಕಿವಿಗೊಟ್ಟರೆ, ಗೆಳೆಯರೇ, ತಣ್ಣಗಾದ ಚಿತ್ರಾನ್ನಕ್ಕೂ ರುಚಿ ಬರುತ್ತದೆ. ಕತಾರ್ ವಿಶ್ವಕಪ್ಪಿಗಾಗಿ ಕ್ರೀಡಾಂಗಣಗಳನ್ನು ಕಟ್ಟಿಸುತ್ತಿದ್ದ ವರ್ಷಗಳಲ್ಲಿ, ದೋಹಾದ ನಮ್ಮ ನಕ್ಷೆ ತಯಾರಿಸುವ ಕಚೇರಿಯಲ್ಲಿ, ಆ ಸುಖ ನನ್ನದಾಗಿತ್ತು. ನನ್ನ ಅಜ್ಜ ಮೈಸೂರಿನ ಅರಮನೆಯ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು. ಅವರ ಕಥೆಗಳಿಗೆ ಒಂದಿಷ್ಟು ಒಗ್ಗರಣೆ ಹಾಕಿ ಬಡಿಸುತ್ತಿದ್ದೆ.

ಆಮೇಲೆ ಬೀಜಿಂಗಿನಿಂದ ಜಿನ್ ಎಂಬ ಇಂಜಿನಿಯರ್ ಬಂದಳು. ಒಂದು ದಿನ ಫೋನಿನಲ್ಲಿ ಹಳೆಯ ಚಿತ್ರವೊಂದನ್ನು ತೋರಿಸಿದಳು: ರೇಷ್ಮೆಯ ನಿಲುವಂಗಿ, ಕೈಯಲ್ಲಿ ಹಕ್ಕಿಯ ಪಂಜರ. ಚೀನಾವನ್ನು ಆಳಿದ ಮಂಚು ಮನೆತನದ ಕೊನೆಗಾಲದ ರಾಜಕುಮಾರ; ಅವಳ ಮುತ್ತಜ್ಜನ ಅಣ್ಣ. ಮರುದಿನದಿಂದ ಕುರ್ಚಿಗಳೆಲ್ಲ ಅವಳತ್ತ ತಿರುಗಿದವು. ಕುದುರೆ ತೊಳೆದವರ ಮೊಮ್ಮಗನ ಮಾತು, ಕುದುರೆ ಏರಿದವರ ವಂಶದವಳ ಮುಂದೆ ಯಾರಿಗೆ ಬೇಕು? ಹೊಟ್ಟೆಗೆ ಅನ್ನ ಬೀಳುವ ಮೊದಲೇ ಕಿಚ್ಚು ಬಿದ್ದಿತ್ತು.

ನನ್ನ ಖಾಯಂ ಕೇಳುಗ, ಮಂಗಳೂರಿನ ಸದಾನಂದ ಕೂಡ ಆ ಕಡೆಯೇ ಸೇರಿದ.

"ಎಂತ ಮಾರಾಯ್ರೆ, ಒಬ್ರೇ ಕೂತಿದ್ದೀರಿ? ಬನ್ನಿ, ಕೇಳ್ಲಿಕ್ಕೆ ಭಾರೀ ಲಾಯ್ಕ್ ಉಂಟು."

"ನಂಗೆ ಡ್ರಾಯಿಂಗ್ ಕಳಿಸೋದಿದೆ ಕಣ್ರೀ," ಎಂದೆ. ಕಳಿಸುವುದೇನೂ ಇರಲಿಲ್ಲ.

ಕೊನೆಗೊಂದು ದಿನ ತಡೆಯಲಾಗದೆ, ಎಲ್ಲರೆದುರು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ: "ಹುಟ್ಟಿದ್ದನ್ನು ಬಿಟ್ಟರೆ ನಿನ್ನ ಆ ರಾಜಕುಮಾರ ಮಾಡಿದ್ದಾದರೂ ಏನು?"

ಜಿನ್ ಸಿಟ್ಟಾಗಲಿಲ್ಲ. "ಹೊಟ್ಟೆಕಿಚ್ಚುಪಟ್ಟ," ಎಂದಳು.

ರಾಜಧಾನಿ ಬಿಟ್ಟು ದೂರ ಹೋಗಬೇಕಾದರೆ ರಾಜಕುಮಾರನಿಗೆ ಅಪ್ಪಣೆ ಬೇಕಿತ್ತಂತೆ.

"ನಮ್ಮ ಎಕ್ಸಿಟ್ ಪರ್ಮಿಟ್ಟಿನ ಹಾಗೇ," ಎಂದ ಸದಾನಂದ ಮೆಲ್ಲಗೆ. ಕಂಪನಿಯ ಒಪ್ಪಿಗೆಯಿಲ್ಲದೆ ನಾವೂ ದೇಶ ದಾಟಲಾಗದ ದಿನಗಳವು. ಯಾರೂ ನಗಲಿಲ್ಲ.

ತಂದೆಯ ಪದವಿ ಅಣ್ಣನಾದ ಈ ರಾಜಕುಮಾರನಿಗೆ ಹೋಯಿತು. ಕಿರಿಯ ರಾಣಿಯ ಮಗನಾದ ತಮ್ಮನ, ಅಂದರೆ ಜಿನ್‌ಳ ಮುತ್ತಜ್ಜನ, ಮೇಲೆ ಯಾರ ಕಣ್ಣೂ ಇರಲಿಲ್ಲ. ಹಾಗಾಗಿ ಅವನಿಗೆ ಬಂದರಿನ ಊರಿನಲ್ಲಿ ಕೆಲಸ ಸಿಕ್ಕಿ, ಹೊರಗೆ ಹೋಗಲು ಅಪ್ಪಣೆಯೂ ದೊರೆಯಿತು. ಅಲ್ಲಿಂದ ಅವನು ಅಣ್ಣನಿಗೆ ಕಾಗದ ಬರೆಯುತ್ತಿದ್ದ. ಸಮುದ್ರವನ್ನೇ ಕಾಣದ ರಾಜಕುಮಾರ ಒಂದೊಂದನ್ನೂ ಒಡೆಯದೆ ಬೆಂಕಿಗೆ ಹಾಕಿದ. ತಾನು ಕಾವಲಿನಲ್ಲಿರುವಾಗ ತಮ್ಮ ಗಾಳಿಯಲ್ಲಿ ತಿರುಗುವುದನ್ನು ಓದಿ ತಿಳಿಯುವ ಶಕ್ತಿ ಅವನಿಗಿರಲಿಲ್ಲ.

ಸಾಮ್ರಾಜ್ಯ ಬಿತ್ತು. ಮನೆ ಮಾರಿಹೋಯಿತು, ಆಳುಗಳು ಚದುರಿದರು. ಅಪ್ಪಣೆ ಕೇಳುವವರೇ ಇಲ್ಲದ ಊರಬಾಗಿಲನ್ನು ದಾಟಿ ರಾಜಕುಮಾರ ತಮ್ಮನ ಬಾಗಿಲಿಗೆ ಬಂದ. ತಮ್ಮ ಏನೂ ಕೇಳದೆ ಒಳಗೆ ಕರೆದ. ಕೆಲವು ದಿನ ಕಳೆದ ಮೇಲೆ, ಸಮುದ್ರದ ದಂಡೆಯಲ್ಲಿ ಕೂತಿದ್ದಾಗ, ಅಣ್ಣ ಕೇಳಿದ: "ಆ ಕಾಗದಗಳಲ್ಲಿ ಏನು ಬರೆದಿದ್ದೆ?"

ಜಿನ್ ಅಲ್ಲಿಗೆ ನಿಲ್ಲಿಸಿ ನೀರು ಕುಡಿದಳು. ನನ್ನ ಕುರ್ಚಿ ಯಾವಾಗ ಅವಳ ಮೇಜಿಗೆ ಸರಿದಿತ್ತೋ ನನಗೇ ತಿಳಿಯದು.

"ಏನು ಬರೆದಿದ್ದ?" ಎಂದೆ.

"ಎಲ್ಲದರಲ್ಲೂ ಒಂದೇ ಮಾತು. ಅಣ್ಣಾ, ಇದನ್ನು ನೋಡಲು ನೀನು ಇಲ್ಲಿರಬೇಕಿತ್ತು."

ಎಲ್ಲರೆದುರು ಚುಚ್ಚಿದವನು ಗುಟ್ಟಾಗಿ ಕ್ಷಮೆ ಕೇಳಬಾರದು. ಅಲ್ಲೇ, ಎಲ್ಲರ ಮುಂದೆಯೇ ಕೇಳಿದೆ. ಅವಳು ಸರಿ ಎಂಬಂತೆ ತಲೆಯಾಡಿಸಿದಳು. ನಿಜ ಹೇಳಬೇಕೆಂದರೆ, ಅಷ್ಟು ಚೆನ್ನಾಗಿ ಕಥೆ ಹೇಳಿದ್ದಕ್ಕೆ ಆಗಲೂ ಒಳಗೊಳಗೇ ಕರುಬಿದೆ. ಆದರೆ ಕುರ್ಚಿಯನ್ನು ಹಿಂದಕ್ಕೆ ಸರಿಸಲಿಲ್ಲ.