ಅಚ್ಚಿನಲ್ಲೋ, ಬಟ್ಟೆಯಲ್ಲೋ

ಶಾಲೆಯ ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಹೊಲಿಗೆ ಯಂತ್ರಗಳ ಗದ್ದಲ ಮುಂದಿನ ಹಜಾರದಲ್ಲಿ. ಅವಳದು ಹಿಂದಿನ ಕೋಣೆ, ಉದ್ದನೆಯ ಮೇಜು. ಅದರ ಮೇಲೆ ಅರವತ್ತು ಪದರ ಬಟ್ಟೆ ಹಾಸಿ, ರಟ್ಟಿನ ಅಚ್ಚಿಟ್ಟು, ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಕರೆಂಟಿನ ಕತ್ತರಿಯನ್ನು ಗೆರೆಯ ಮೇಲೆ ನಡೆಸಬೇಕು. ಒಂದೇ ಸಲಕ್ಕೆ ಅರವತ್ತು ಮಕ್ಕಳ ತೋಳು ತಯಾರು. ದಿನವಿಡೀ ನಿಂತು ಮಾಡುವ ಕೆಲಸ, ಸಂಜೆಯ ಹೊತ್ತಿಗೆ ಸೊಂಟ ಬಿದ್ದುಹೋಗಿರುತ್ತಿತ್ತು. ಮೂವತ್ತನಾಲ್ಕಕ್ಕೇ ಇಷ್ಟು ಸುಸ್ತಾ ಎಂದು ಕೇಳಿದವರಿಗೆ ಅವಳು ನಿದ್ದೆ ಸಾಲದು ಎಂದುಬಿಡುತ್ತಿದ್ದಳು. ಹೇಳಲು ಹೊರಟರೆ ಐದನೇ ವರ್ಷದಿಂದ ಶುರು ಮಾಡಬೇಕು, ಅಷ್ಟು ವ್ಯವಧಾನ ಯಾರಿಗಿದೆ?

ಐದನೇ ವರ್ಷದಲ್ಲಿ ಅವಳಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಏಟೇ ಬೀಳದೆ ಮೊಣಕಾಲ ಕೆಳಗೆ ಮೂಡಿದ ನೀಲಿ ಗುರುತೇ ಅದರ ಮೊದಲ ಸುದ್ದಿ. ಆಮೇಲೆ ಮೂರು ವರ್ಷ ಸೂಜಿ, ಮಾತ್ರೆ, ವಾಂತಿ, ಬೋಳು ತಲೆ. ಬದುಕಿದಳು. ಬದುಕಿದ್ದೇ ಹೆಚ್ಚು ಎಂದು ಮನೆಯವರು ನಿಟ್ಟುಸಿರು ಬಿಟ್ಟರು. ಓದು ಅರ್ಧಕ್ಕೆ ನಿಂತಿತು. ಎಲ್ಲವನ್ನೂ ಕೇಳಿ ತಿಳಿದೇ ಒಬ್ಬ ಬಸ್ ಡ್ರೈವರು ಮದುವೆಯಾದ. ಮಗಳು ಹುಟ್ಟಿದಳು, ಅವತ್ತೇ ಇವಳ ತಲೆಗೆ ಹುಳವೂ ಹೊಕ್ಕಿತು. ನನ್ನದು ಇವಳಿಗೂ ಬಂದಿದ್ದರೆ?

ಪ್ರತಿ ಸಂಜೆ ಚಪ್ಪಲಿ ಬಿಟ್ಟ ಮೇಲೆ ಮೊದಲ ಕೆಲಸ, ಮಗಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸುವುದು. ಮೊಣಕಾಲು, ತೋಳು, ಬೆನ್ನು ನೋಡಿ, ಕತ್ತಿನ ಎರಡೂ ಕಡೆ ಗಂಟಿದೆಯೇ ಎಂದು ಬೆರಳಾಡಿಸುವಳು. ನೀಲಿ ಗುರುತು ಕಂಡರೆ ಹೆಬ್ಬೆರಳಿಂದ ಒತ್ತುವಳು.

"ಇದು ಯಾವಾಗ ಆಯ್ತು?"

"ಬೆಂಚು ತಗುಲ್ತಮ್ಮ."

"ಸರಿ, ನಾಳೆ ಇನ್ನೊಂದ್ಸಲ ನೋಡೋಣ."

ಎಂಟು ವರ್ಷದ ಹುಡುಗಿ, ಕಾಲು ಒಂದು ಕಡೆ ನಿಲ್ಲದು. ಗುರುತು ಸಿಗದ ದಿನವೇ ಕಡಿಮೆ. ಎಲ್ಲರ ಅಮ್ಮಂದಿರೂ ಹೀಗೇ ನೋಡುತ್ತಾರೆಂದು ಮಗಳು ತಿಳಿದಿದ್ದಳು. ಗಂಡ ಮಾತ್ರ ಒಮ್ಮೆ ರೇಗಿದ್ದ. "ಪೊಲೀಸ್ ತಪಾಸಣೆ ಆಯ್ತಲ್ಲೇ ಇದು. ಮಗು ಅಂದ್ಮೇಲೆ ಬೀಳದೆ ಇರತ್ತಾ?" ಅವನು ಹೇಳಿದ್ದು ಸರಿಯೇ. ಸರಿಯೆಂದು ಗೊತ್ತಾದ ಮಾತ್ರಕ್ಕೆ ಹುಳ ಕೊರೆಯುವುದನ್ನು ಬಿಡುತ್ತದೆಯೇ?

ವರ್ಷಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬರುವುದು ಅವಳಿಗೆ ರೂಢಿಯಾಗಿತ್ತು. ಚಿಕ್ಕಂದಿನಲ್ಲಿ ಕ್ಯಾನ್ಸರ್ ಗೆದ್ದವರಿಗೆಂದು ಈ ಸಲ ಹೊಸದೊಂದು ಪರೀಕ್ಷೆ ಮಾಡಿದ್ದರು. ಬಂದು ಕಾಣಿ ಎಂದು ಫೋನು ಬಂತು. ಅರ್ಧ ದಿನ ರಜೆ ಹಾಕಿ ಹೋದಳು.

"ಗಾಬರಿ ಆಗ್ಬೇಡಿ," ಎಂದೇ ಡಾಕ್ಟರಮ್ಮ ಶುರು ಮಾಡಿದರು. "ಅವತ್ತು ನಿಮ್ಮನ್ನ ಉಳಿಸಿದ ಔಷಧಿಗಳೇ ಒಳಗೆ ಸ್ವಲ್ಪ ಗುರುತು ಬಿಟ್ಟು ಹೋಗಿವೆ. ರಕ್ತ ಹುಟ್ಟಿಸೋ ಜೀವಕೋಶಗಳಲ್ಲಿ ಕೆಲವುಗಳ ಜೀನ್ ಬದಲಾಗಿದೆ. ಇದು ಕಾಯಿಲೆ ಅಲ್ಲ. ಮುಂದೆ ಏನೂ ಆಗದೆಯೂ ಇರಬಹುದು. ಆದ್ರೆ ಇನ್ಮೇಲೆ ಆರು ತಿಂಗಳಿಗೊಮ್ಮೆ ನೋಡ್ತಿರಬೇಕು."

ಜೀನ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಉಳಿದದ್ದು ಅವಳ ತಲೆಗೆ ಹೋಗಲಿಲ್ಲ. ಎರಡು ವರ್ಷದ ಹಿಂದಿನ ತನ್ನದೇ ತಪ್ಪು ಕಣ್ಣ ಮುಂದೆ ಬಂತು. ರಟ್ಟಿನ ಅಚ್ಚಿಗೆ ಕತ್ತರಿ ತಾಗಿ, ಕಂಕುಳ ತಿರುವಿನಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ದಣಿದ ಕಣ್ಣಿಗೆ ಅದು ಕಾಣದೆ, ಅದೇ ಅಚ್ಚಿನಲ್ಲಿ ಗೆರೆ ಎಳೆದು ಕತ್ತರಿಸಿಬಿಟ್ಟಿದ್ದಳು. ಅರವತ್ತು ಅಂಗಿಗೂ ಅದೇ ಜಾಗದಲ್ಲಿ ಅದೇ ಕಚ್ಚು. ಅವತ್ತು ಯಜಮಾನರು ಬೈದಿದ್ದರೂ ವಾಸಿಯಿತ್ತು. ಸುಮ್ಮನೆ ಅಂಗಿಗಳನ್ನು ಒಂದೊಂದಾಗಿ ಎತ್ತಿ ನೋಡಿದ್ದರು.

ಮೇಜಿನ ಮೇಲಿದ್ದ ಔಷಧಿ ಚೀಟಿಯನ್ನು ಅವಳು ತನ್ನತ್ತ ಎಳೆದುಕೊಂಡಳು.

"ಇದು ಅಚ್ಚು ಅಂತ ಇಟ್ಕೊಳ್ಳಿ ಡಾಕ್ಟ್ರೇ. ಇದಕ್ಕೆ ಕಚ್ಚು ಬಿದ್ರೆ ಇದರಿಂದ ಕತ್ತರಿಸಿದ್ದಕ್ಕೆಲ್ಲ ಬೀಳತ್ತೆ. ಬಟ್ಟೆಗೆ ಕಲೆ ಆದ್ರೆ ಆ ಅಂಗಿಗೆ ಮಾತ್ರ. ನಂದು ಎಲ್ಲಾಗಿರೋದು? ಅಚ್ಚಲ್ಲೋ, ಬಟ್ಟೇಲೋ? ನಂಗೊಬ್ಬಳು ಮಗಳಿದಾಳೆ."

ಡಾಕ್ಟರಮ್ಮನಿಗೆ ಅರ್ಥವಾಗಲು ಎರಡು ಗಳಿಗೆ ಬೇಕಾಯಿತು. ಕನ್ನಡಕ ತೆಗೆದಿಟ್ಟರು.

"ಬಟ್ಟೇಲಮ್ಮ. ಕಂಡಿರೋದು ನಿಮ್ಮ ರಕ್ತದ ಕಣಗಳಲ್ಲಿ ಮಾತ್ರ. ಮಗುವಿಗೆ ಹೋಗೋದು ಅಂಡಾಣುವಿಂದ, ಈ ಬದಲಾವಣೆ ಆ ದಾರೀಲಿ ಹೋಗಲ್ಲ. ನಿಮ್ಮ ಥರ ಗುಣವಾದವರ ಮಕ್ಕಳನ್ನ ಎಷ್ಟೋ ವರ್ಷದಿಂದ ನೋಡ್ಕೊಂಡು ಬಂದಿದಾರೆ. ಮಿಕ್ಕ ಮಕ್ಕಳಿಗಿಂತ ಹೆಚ್ಚಿನ ತೊಂದರೆ ಅವರಲ್ಲಿ ಕಂಡಿಲ್ಲ."

"ಹಾಗಾದ್ರೆ ಬಿಡಿ. ನಂದೇನೋ ಆಗತ್ತೆ."

"ಬಿಡೋದೇನು? ನೋಡ್ಕೋಬೇಕಾಗಿರೋದೇ ನಿಮ್ಮದನ್ನ. ಸುಸ್ತು ಹೆಚ್ಚಾದ್ರೆ, ಕಾರಣ ಇಲ್ಲದೆ ನೀಲಿ ಗುರುತು ಬಂದ್ರೆ ಆರು ತಿಂಗಳು ಕಾಯ್ಬೇಡಿ, ಬಂದುಬಿಡಿ."

ಸುಸ್ತು ಇಲ್ಲದ ದಿನ ಯಾವುದಿತ್ತೆಂದು ಅವಳಿಗೆ ನೆನಪಾಗಲಿಲ್ಲ. ತಲೆಯಾಡಿಸಿ ಎದ್ದಳು. ಎಂಟು ವರ್ಷದ ಭಾರ ಇಳಿದ ಮೇಲೆ ಕುಣಿಯಬೇಕಿತ್ತು; ಅವಳಿಗೋ ಅಲ್ಲೇ ಹೊರಗಿನ ಬೆಂಚಿನ ಮೇಲೆ ಮಲಗಿಬಿಡೋಣ ಎನ್ನಿಸಿತು. ಸ್ವಲ್ಪ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು ಬಸ್ಸು ಹತ್ತಿದಳು.

ಮನೆಗೆ ಬಂದಾಗ ಮಗಳು ಕಿಟಕಿಯ ಹತ್ತಿರ ಲಂಗ ಮೊಣಕಾಲಿನ ತನಕ ಎತ್ತಿ ಹಿಡಿದು ನಿಂತೇ ಇದ್ದಳು.

"ಇವತ್ತಿಂದ ಬೇಡ ಕಣೇ."

"ಯಾಕಮ್ಮ?"

"ನಿಂಗೇನೂ ಇಲ್ವಂತೆ. ಇನ್ಮೇಲೆ ನಂದು ನೋಡ್ಬೇಕಂತೆ."

ದಣಿವಿನಲ್ಲಿ ತಮಾಷೆಗೆ ಅಂದ ಮಾತು. ಮಗಳು ತಮಾಷೆಯೆಂದುಕೊಳ್ಳಲಿಲ್ಲ. ಅಮ್ಮನ ಕೈಹಿಡಿದು ಬೆಳಕಿಗೆ ಎಳೆದು ತಂದಳು. ಮಣಿಕಟ್ಟಿನಿಂದ ಶುರು ಮಾಡಿ ಒಂದೊಂದೇ ಗೇಣು ನೋಡುತ್ತ ಹೋದಳು. ಮೊಣಕೈ ಮೇಲೆ, ಹಿಂಬದಿಗೆ, ದೊಡ್ಡದೊಂದು ನೀಲಿ ಗುರುತಿತ್ತು. ಹೆಬ್ಬೆರಳಿಂದ ಒತ್ತಿದಳು.

"ಇದು ಯಾವಾಗ ಆಯ್ತು?"

ಅವಳು ಕತ್ತು ತಿರುಗಿಸಿ ನೋಡಿದಳು. ಎಂಟು ವರ್ಷದಲ್ಲಿ ಒಂದು ದಿನವೂ ತನ್ನ ಮೈಯನ್ನು ತಾನು ನೋಡಿಕೊಂಡಿರಲಿಲ್ಲ. ಮೇಜಿನ ಮೂಲೆ ತಾಗಿದ್ದಿರಬಹುದು. ತಾಗಿದ ನೆನಪು ಮಾತ್ರ ಇರಲಿಲ್ಲ.

"ಮೇಜು ತಗುಲಿರ್ಬೇಕು ಪುಟ್ಟಿ."

ಮಗಳು ಆ ಗುರುತನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು.

"ಸರಿ, ನಾಳೆ ಇನ್ನೊಂದ್ಸಲ ನೋಡೋಣ," ಎಂದು ರವಿಕೆಯ ತೋಳನ್ನು ಕೆಳಗೆಳೆದಳು.