ಒಂಬತ್ತು ಸಾಲಿನ ಹುಡುಗಿ

ಮಲೇಷ್ಯಾದ ನಿಲಾಯ್‌ನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡತೊಡಗಿ ವರ್ಷಗಳೇ ಆಗಿದ್ದವು. ಉಡುಪಿಯಿಂದ ಹೊರಟಾಗಿನ ಜಂಬ ಮಾತ್ರ ಹಾಗೇ ಇತ್ತು. ಅಂಕಿಅಂಶದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡಿದ್ದೆ.

ಉಬ್ಬಸದ ಮಕ್ಕಳ ಅಧ್ಯಯನವನ್ನೂ ಅದೇ ಜಂಬದಲ್ಲಿ ಮುಗಿಸಿದೆ. ಗುರುತು ಸಿಗಬಾರದೆಂದು ಹೆಸರು, ಕಾರ್ಡ್ ನಂಬರ್ ಎಲ್ಲ ತೆಗೆಸಿ, ಆಸ್ಪತ್ರೆಗೆ ಬಂದ ಒಂದೊಂದು ಸಲಕ್ಕೂ ಹೊಸ ಕ್ರಮಸಂಖ್ಯೆ ಕೊಡಿಸಿದವನು ನಾನೇ. ವಯಸ್ಸಿನ ಲೆಕ್ಕಕ್ಕೆಂದು ಹುಟ್ಟಿದ ದಿನ ಉಳಿಸಿಕೊಂಡೆ. ಒಂದು ಸಾಲೆಂದರೆ ಒಂದು ಮಗು ಎಂದೇ ಎಣಿಸಿದೆ. ಸಾಲುಗಳು ಹೆಚ್ಚಿದಷ್ಟೂ ಫಲಿತಾಂಶ ಗಟ್ಟಿಯಾಗಿ ಕಂಡಿತು. ‘ಗುಣವಾಯಿತೇ’ ಎಂಬಲ್ಲಿ ಉದ್ದಕ್ಕೂ ‘ಹೌದು’. ಆಸ್ಪತ್ರೆಯ ಚಿಕಿತ್ಸೆಯೇ ಸಾಕು, ಮನೆಗಳಿಗೆ ನರ್ಸ್ ಕಳಿಸುವ ಯೋಜನೆ ಬೇಡ ಎಂದು ವರದಿ ಬರೆದೆ. ಆಸ್ಪತ್ರೆಯವರು ಯೋಜನೆ ಕೈಬಿಟ್ಟರು. ಅಂದು ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಎಲ್ಲರಿಗೂ ಚಹಾ ಕೊಡಿಸಿದ್ದೆ.

ಕೆಲವು ತಿಂಗಳ ಮೇಲೆ ಮೈಸೂರಿನ ಕಿರಿಯ ಸಹೋದ್ಯೋಗಿಯೊಬ್ಬಳು ಆ ಪಟ್ಟಿ ನೋಡುತ್ತ ಕೂತಿದ್ದಳು.

“ಸರ್, ಈ ಒಂಬತ್ತು ಸಾಲಲ್ಲೂ ಡೇಟ್ ಆಫ್ ಬರ್ತ್ ಒಂದೇ ಇದೆ. ಹುಡುಗಿ. ಏರಿಯಾನೂ ಒಂದೇ.”

“ಅವಳಿ ಇರ್ಬಹುದು ಮಾರಾಯ್ತಿ,” ಎಂದು ರೇಗಿದೆ.

“ಒಂಬತ್ತು ಜನಾನಾ ಸರ್?”

ಹುಟ್ಟಿದ ದಿನ ಹಿಡಿದು ಆಸ್ಪತ್ರೆಯ ಹಳೆಯ ಕಾರ್ಡುಗಳನ್ನು ತೆಗೆಸಿದೆ. ಒಂದೇ ಮಗು. ಉಸಿರು ಕಟ್ಟಿ ಒಂಬತ್ತು ಸಲ ಬಂದವಳು ನನ್ನ ಪಟ್ಟಿಯಲ್ಲಿ ಗುಣವಾದ ಒಂಬತ್ತು ಮಕ್ಕಳಾಗಿದ್ದಳು. ಅವಳಂಥವರು ಇನ್ನೂ ಇದ್ದರು. ಒಂಬತ್ತು ಸಾಲಿನ ಆ ಹುಡುಗಿ ಹೇಳಿಕೊಟ್ಟಂತೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಮಗುವನ್ನು ತಾಯಿಯೊಂದಿಗೆ ಕರೆಸಿದೆ. ಏಳು ವರ್ಷ. ಶಾಲೆಗೆ ಹೋದದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಕುರ್ಚಿಯ ಅಂಚಿನಲ್ಲಿ ಕೂತು ಪ್ರತಿ ಉಸಿರಿಗೂ ಭುಜ ಎತ್ತುತ್ತಿದ್ದಳು. ತಾಯಿ ತಮಿಳು ಮಾತಾಡುವವಳು. ನನ್ನ ಹರಕುಮುರುಕು ತಮಿಳಿನಲ್ಲಿ, ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿಬಿಟ್ಟೆ. ಆಕೆಗೆ ಸಿಟ್ಟೂ ಬರಲಿಲ್ಲ. ಮನೆಗೆ ಕಳಿಸುವಾಗಲೆಲ್ಲ ಈಗ ಆರಾಮವೇ ಎಂದು ಕೇಳುತ್ತೀರಿ, ಹೌದು ಎನ್ನುತ್ತೇನೆ, ಮನೆಗೆ ಹೋದ ಮೇಲೆ ಹೇಗಿದ್ದಾಳೆಂದು ಇವತ್ತಿನವರೆಗೂ ಯಾರೂ ಕೇಳಿಲ್ಲ ಡಾಕ್ಟರ್, ಎಂದಳು.

ವರದಿ ತಿದ್ದಿ, ತಪ್ಪು ನನ್ನದೆಂದು ಒಪ್ಪಿಕೊಂಡು ಕಳಿಸಿದೆ. ತೀರ್ಮಾನ ಆಗಿಹೋಗಿದೆ, ಮುಂದೆ ನೋಡೋಣ ಎಂಬ ಉತ್ತರ ಬಂತು. ಪಟ್ಟಿಯಲ್ಲಿ ಈಗ ಅವಳಿಗೆ ಒಂದೇ ಸಾಲು. ಒಂಬತ್ತು ‘ಹೌದು’ಗಳನ್ನು ಅಳಿಸಿ ‘ಇಲ್ಲ’ ಎಂದು ನನ್ನ ಕೈಯಾರೆ ಬರೆದೆ.

ಮುಂದಿನ ವಾರ ಅವಳು ಉಸಿರು ಕಟ್ಟಿ ಹತ್ತನೇ ಸಲ ಬಂದಳು.